ಹೊಳೆಯ ಕೆಳಗಿನವನು

ಮತ್ತೆ ಒದೆಯಿತು, ನೆತ್ತಿಯ ಮೇಲೆಯೇ, ಮಂಕರಿಯೊಳಗೆ ಒದ್ದೆ ಗೋಣಿತಾಟಿನ ಕೆಳಗೆ, ಒಂದೇ ಸಲ, ನಿದ್ದೆಯಲ್ಲಿ ಮಗ್ಗುಲು ಬದಲಿಸುವವರ ಹಾಗೆ, ನೀರು ಸೋರಿ ಕಿವಿಯ ಹಿಂದಿನಿಂದ ಕತ್ತಿಗೆ ಇಳಿಯುತ್ತಿದೆ, ಲೋಳೆ ಲೋಳೆ, ಸುಲಭಕ್ಕೆ ಸಾಯುವ ಜಾತಿಯಲ್ಲ ಇದು, ಬೇರೆ ಮೀನಾದರೆ ಬೆಳಕವಾಡಿ ಕಾಣುವ ಮೊದಲೇ ಕಣ್ಣು ಬಿಳುಚಿಕೊಳ್ಳುತ್ತದೆ, ಹಾವುಮೀನಿಗೆ ತೇವವಿದ್ದರೆ ಸಾಕು, ಮಳವಳ್ಳಿ ಸಂತೆಯ ತನಕ ಜೀವ ಹಿಡಿದುಕೊಂಡೇ ಬರುತ್ತದೆ, ಬರಲಿ, ಅಲ್ಲಿ ಯಾರಾದರೂ ಕೊಂಡು ಕೊಯ್ಯಲಿ, ಬಾಣಂತಿಗೆ ಒಳ್ಳೆಯದು ಎನ್ನುತ್ತಾರೆ, ಕೆಮ್ಮಿನವರಿಗೆ ಒಳ್ಳೆಯದು ಎನ್ನುತ್ತಾರೆ, ಯಾರ ಹೊಟ್ಟೆಗಾದರೂ ಹೋಗಲಿ, ಹೊಳೆಗೆ ಮಾತ್ರ ಹೋಗಬಾರದು. ಬೆಳಿಗ್ಗೆ ಕೂಳಿ ಎತ್ತಿದಾಗ, ಆ ಬಿದಿರ ಬುಟ್ಟಿಯ ಬಾಯಿಂದ ಇದು ನನ್ನ ತೋಳಿನಷ್ಟು ದಪ್ಪಗೆ ಸುರುಳಿ ಬಿಚ್ಚಿಕೊಂಡು ದಡದ ಮೇಲೆ ಬಿದ್ದಾಗ, ಎಷ್ಟು ಹಿಗ್ಗಿದೆ, ಆಷಾಢದ ಕೆಂಪು ನೀರು ಏರಿದ ಮೇಲೆ ಸಿಕ್ಕ ಮೊದಲ ದೊಡ್ಡ ಮೀನು, ಹೊಂಬಾಳಿ, ಬಾಮ್ಮಿ ಇಲ್ಲಿ, ನೋಡ್ಬಾ ಎಂದು ಕೂಗಿದೆ, ಹೆಂಡತಿಗೆ ತೋರಿಸಬೇಕು ಎನ್ನುವ ಆಸೆ ಯಾವ ಗಂಡಸಿಗಿಲ್ಲ, ಬಂದಳು, ಕೈಯ ಬೂದಿಯನ್ನು ಸೆರಗಿಗೆ ಒರೆಸಿಕೊಂಡು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತಳು, ಹೊಗಳಲಿಲ್ಲ, ಅಬ್ಬಾ ಎನ್ನಲಿಲ್ಲ, ಬುಟ್ಬುಡಿ ಇದ್ನ ಎಂದಳು, ಓಗೋ ಕಾಲ ಬಂದದೆ ಇದ್ಕೆ, ಕಣ್ ನೋಡಿ ಎಷ್ಟು ದಪ್ಪಾಗವೆ, ಒಟ್ಟೆ ನೋಡಿ ಎಂಗೆ ಬೆಳ್ಳಗಾಗದೆ, ಇನ್ನಿದು ಏನೂ ತಿನ್ನಕಿಲ್ಲ, ಸಮುದ್ರಕ್ಕೆ ಒಂಟದೆ. ಯಾರೇಳಿದ್ರು ನಿಂಗೆ ಎಂದೆ, ಗೊತ್ತಿದ್ದೂ ಕೇಳಿದೆ, ಆರುತ್ತಿರುವ ಹುಣ್ಣನ್ನು ತಾನೇ ಕೆರೆದುಕೊಳ್ಳುವವನ ಹಾಗೆ, ಅವಳು ಮೀನಿನ ಮೇಲಿಂದ ಕಣ್ಣು ತೆಗೆಯದೆ ಅವ್ರು ಏಳೋರು ಎಂದಳು. ಅಷ್ಟೆ. ಮಂಕರಿ ತಂದೆ, ಗೋಣಿ ನೆನೆಸಿ ಹೊದಿಸಿದೆ, ಇವತ್ತು ಮಳವಳ್ಳಿ ಸಂತೆ, ಓಯ್ತೀನಿ ಎಂದೆ.

ಅವ್ರು. ನನ್ನನ್ನೂ ಅವಳು ಅವ್ರು ಎಂದೇ ಅನ್ನುವುದು, ಯಾರಾದರೂ ಚಿಕ್ಕಬೋರಯ್ಯ ಎಲ್ಲಮ್ಮ ಎಂದು ಬಾಗಿಲಲ್ಲಿ ನಿಂತು ಕೇಳಿದರೆ ಅವ್ರು ಒಳೆತಾಕ್ ಓಗವ್ರೆ ಎನ್ನುತ್ತಾಳೆ, ಗಂಡನ ಹೆಸರು ಹೆಣ್ಣು ಬಾಯಲ್ಲಿ ಎತ್ತಬಾರದು ಸರಿ, ಆದರೆ ಅವನು ಸತ್ತವನಲ್ಲವೇ, ಸತ್ತ ಎಂದು ಸುದ್ದಿ ಬಂದು ತಾಳಿ ತೆಗೆದು ಆಮೇಲೆ ತಾನೇ ನಾನು ಸೀರೆ ಉಡಿಸಿ ಕರೆದುಕೊಂಡು ಬಂದದ್ದು, ನಾಲ್ಕು ವರ್ಷವಾಯಿತು, ಅವನ ಹೆಸರನ್ನು ಎತ್ತಿದರೆ ಏನು ಮುರಿದುಬೀಳುತ್ತದೆ, ಎತ್ತುವುದಿಲ್ಲ, ಅಂದರೆ ಇನ್ನೂ ಗಂಡನೇ, ಒಳಗೆಲ್ಲೋ ಇನ್ನೂ ಅವನದೇ ಮನೆ. ಅವ್ರಿಗೆ ಹುರುಳಿ ಕಟ್ಟಿನ ಸಾರು ಆಗ್ತಿರಲಿಲ್ಲ ಎಂದರೆ ಯಾರಿಗೆ, ನನಗಾಗುತ್ತದೆ, ನನಗೆ ಬಹಳ ಇಷ್ಟ. ನನ್ನ ಮೊದಲನೆಯವಳೂ ಹೋದಳು, ಹೆರಿಗೆಯಲ್ಲಿ, ಮಗುವನ್ನೂ ಕರೆದುಕೊಂಡು, ಅವಳ ಮಾತನ್ನು ನಾನು ಯಾವತ್ತಾದರೂ ಎತ್ತಿದ್ದೇನೆಯೇ, ಇವಳು ಕೇಳಿದ್ದಾಳೆಯೇ, ಕೇಳುವುದಿಲ್ಲ, ಅವಳಿಗೆ ಹೊಟ್ಟೆಯಲ್ಲಿ ಉರಿ ಇಲ್ಲ, ಇದ್ದಿದ್ದರೆ ನನಗೆ ಎಷ್ಟೋ ತಂಪಾಗುತ್ತಿತ್ತು. ಹೊನ್ನಯ್ಯ ಅವನ ಹೆಸರು, ನಾನು ಹೇಳುತ್ತೇನೆ, ಮದ್ದೂರಿನಲ್ಲಿ ಶಿಂಷೆಯಲ್ಲಿ ಬಲೆ ಹಾಕುವ ಅವಳ ಅಣ್ಣ ಮರಿಯಯ್ಯ ಸೀರೆ ಉಡಿಕೆಯ ದಿನವೇ ಹೇಳಿದ, ನಮ್ ಊರಲ್ಲಿ ಒನ್ನಯ್ಯ ಒಂಬಾಳಮ್ಮ ಅಂದ್ರೆ ಒಂದೇ ಗಿಡದ ಊವ ಅನ್ನೋರು ಕಣಪ್ಪ, ಏನ್ ಮಾಡದು, ಮೆಟ್ಟೂರು ಕಟ್ಟೆ ಕೆಲಸಕ್ಕೆ ಓದ, ಅಗ್ಗ ಕಿತ್ತು ನೀರಿಗೆ ಬಿದ್ದೋದ, ಎಣಾನೂ ಸಿಗ್ನಿಲ್ಲ, ಕಟ್ಟೆ ಎದ್ದು ಊರೂ ಮುಳುಗೋಯ್ತು. ಹೊನ್ನಯ್ಯನಿಗೆ ಹೊಂಬಾಳೆ, ಕೇಳುವುದಕ್ಕೆ ಎಷ್ಟು ಚೆನ್ನ, ಚಿಕ್ಕಬೋರಯ್ಯ ಅನ್ನುವುದರಲ್ಲಿ ಚಿನ್ನವೆಲ್ಲಿಂದ ಬರಬೇಕು.

ಬಸ್ಸು ಬಂತು, ಮಳವಳ್ಳಿಯದು, ಪಕ್ಕಕ್ಕೆ ಸರಿ, ಕೆಸರು ಹಾರಿಸಿಕೊಂಡು ಹೋಯಿತು, ಮಂಕರಿ ನೋಡಿದರೆ ಹತ್ತಿಸಿಕೊಳ್ಳುವುದಿಲ್ಲ, ನಾತ ಎನ್ನುತ್ತಾರೆ, ಹಾಗೆ ನೋಡಿದರೆ ಇದಕ್ಕೆ ನಾತವಿಲ್ಲ, ಕೆಸರಿನ ವಾಸನೆ ಅಷ್ಟೆ. ನನಗೆ ಮೀನಿನ ವಿಷಯ ಹೇಳಿಕೊಡಬೇಕೇ, ನನ್ನಪ್ಪ ಈ ಹೊಳೆ, ಅವನಪ್ಪ ಈ ಹೊಳೆ, ಹೊಳೆ ಧುಮುಕುವಲ್ಲಿಂದ ಕೆಳಗಿನ ಒಂದೊಂದು ಮಡುವೂ ನನ್ನ ಹರಿಗೋಲಿಗೆ ಗೊತ್ತು, ಹಾವುಮೀನು ಎಂದರೆ ನಾವು ತಿಳಿದದ್ದು ಹಾವಿಗೂ ಮೀನಿಗೂ ಹುಟ್ಟಿದ್ದು ಎಂದು, ಬಂದ ಹೊಸತರಲ್ಲಿ ಹಾಗೆಂದದ್ದಕ್ಕೆ ಅವಳು ಬಾಯಿಗೆ ಸೆರಗಿಟ್ಟುಕೊಂಡು ನಕ್ಕಳು, ಅಯ್ಯೋ, ಇದು ನಮ್ಮೊಳೇಲಿ ಉಟ್ಟೋ ಮೀನೇ ಅಲ್ಲ, ಸಮುದ್ರದಲ್ಲಿ ಉಟ್ಟದು, ಎಲ್ಲಿ ಅಂತ ಯಾರೂ ಕಂಡಿಲ್ಲ, ಗಾಜಿನ ದಾರದಂಗೆ ಇರ್ತವಂತೆ ಮರಿ, ಎರಡು ಕಣ್ಣು ಮಾತ್ರ ಕರಿ ಚುಕ್ಕಿ, ಒಳೆ ಬಾಯಿ ಉಡುಕ್ಕಂಡು ಬಂದು ನೀರಿಗೆ ಎದುರಾಗಿ ಅತ್ಕಂಡು ಅತ್ಕಂಡು ಬತ್ತವೆ, ಅವ್ರು ಸಮುದ್ರದ ಕಡೆ ಓದಾಗ ನೋಡಿದ್ರಂತೆ. ಅವರು ನೋಡಿದರು, ಅವರು ಸಮುದ್ರ ನೋಡಿದ್ದಾರೆ, ನಾನು ಈ ಕಡೆ ಮದ್ದೂರು ಆ ಕಡೆ ಮಂಡ್ಯ ಬಿಟ್ಟು ಏನು ನೋಡಿದ್ದೇನೆ. ಅವಳು ಹೇಳಿದ್ದು ಅಷ್ಟಕ್ಕೇ ನಿಲ್ಲಬಾರದಿತ್ತೇ, ಆ ಮರಿಗಳು ಅವಳ ಊರಿನ ಹತ್ತಿರ ಬರುವ ಹೊತ್ತಿಗೆ ಕಪ್ಪಾಗಿ ಬೆರಳುದ್ದ ಆಗಿರುತ್ತಿದ್ದವಂತೆ, ನೀರು ಧುಮುಕುವಲ್ಲಿ ಒದ್ದೆ ಬಂಡೆಗೆ ಹೊಟ್ಟೆ ಅಂಟಿಸಿಕೊಂಡು ಸಾಲುಸಾಲಾಗಿ ಹತ್ತುತ್ತಿದ್ದವಂತೆ, ಮದುವೆಯಾದ ವರ್ಷ ಅವನು ಅವಳನ್ನು ಬಂಡೆಯ ಹತ್ತಿರ ಕರೆದುಕೊಂಡು ಹೋಗಿ, ಅವಳ ಕೈ ನೀರಲ್ಲಿ ಅದ್ದಿಸಿ, ಒಂದು ಮರಿ ತೆಗೆದು ಅಂಗೈಯಲ್ಲಿ ಬಿಟ್ಟನಂತೆ, ಅದು ಬಂಡೆ ಎಂದುಕೊಂಡು ಮಣಿಕಟ್ಟಿನಿಂದ ಮೊಣಕೈಯವರೆಗೆ ಹತ್ತಿತಂತೆ, ಕಚಗುಳಿಗೆ ನಾನು ಕೂಗ್ಕಂಡ್ಬುಟ್ಟೆ ಎಂದು ಹೇಳುತ್ತ ಹೇಳುತ್ತ ಅವಳು ತನ್ನ ತೋಳನ್ನೇ ನೋಡಿಕೊಂಡಳು, ನಾನೂ ನೋಡಿದೆ, ಆ ತೋಳು ಆವತ್ತಿನಿಂದ ನನಗೆ ಪೂರ್ತಿ ಸಿಕ್ಕಿಲ್ಲ, ಹಿಡಿದಾಗಲೆಲ್ಲ ಮಣಿಕಟ್ಟಿನಿಂದ ಮೊಣಕೈಯವರೆಗೆ ಅಲ್ಲಿ ಬೇರೆ ಯಾರೋ ನಡೆದ ದಾರಿಯಿದೆ.

ಇನ್ನೊಂದು ಹೇಳಿದ್ದಳು, ಹೋದ ವರ್ಷ, ಬಲೆ ತೇಪೆ ಹಾಕುತ್ತಾ, ಏನೂ ಅಲ್ಲದ ಮಾತಿನ ಹಾಗೆ, ಇಷ್ಟು ಮೇಲಕ್ಕೆ ಬರದೆಲ್ಲ ಎಣ್ಣೇ ಅಂತೆ, ಗಂಡು ಕೆಳಗೇ ನಿಂತ್ಕಂಡು ಬುಡ್ತದಂತೆ, ಸಮುದ್ರದ ಪಕ್ಕ, ಎಣ್ಣು ಇಲ್ಲಿ ಬಿಲದಲ್ಲಿ ಏಡಿ ತಿನ್ಕಂಡು ಗುಳ್ಳೆ ತಿನ್ಕಂಡು ಅತ್ತು ಅದಿನೈದು ವರ್ಸ ಇದ್ದು, ಒಂದು ದಿನ ತಿನ್ನದು ನಿಲ್ಲಿಸ್ತದೆ, ಕಣ್ಣು ದೊಡ್ಡದಾಯ್ತದೆ, ಆಮೇಲೆ ಯಾರು ತಡದ್ರೂ ನಿಲ್ಲಕಿಲ್ಲ, ಒಳೆ ಕೆಂಪಾದ ಕೂಡ್ಲೆ ಓಯ್ತದೆ, ಅಲ್ಲೋಗಿ ಮೊಟ್ಟೆ ಇಕ್ಕಿ ಸಾಯ್ತದೆ. ಈಗ ಮೂರು ವಾರದಿಂದ ಅವಳು ಉಣ್ಣುತ್ತಿಲ್ಲ. ತಟ್ಟೆಯ ಮುಂದೆ ಕೂರುತ್ತಾಳೆ, ರಾಗಿ ಹಿಟ್ಟನ್ನು ಎರಡು ಸಲ ಮುರಿಯುತ್ತಾಳೆ, ಒಟ್ಟೆ ತುಂಬ್ತು ಎನ್ನುತ್ತಾಳೆ, ಕೆನ್ನೆ ಬತ್ತಿ ಕಣ್ಣು ದೊಡ್ಡದಾಗಿ ಕಾಣುತ್ತಿದೆ, ಮೊದಲು ನಾನು ಬಸುರೇನೋ ಎಂದು ಲೆಕ್ಕ ಹಾಕಿ ಹಿಗ್ಗಿದೆ, ನೀರು ನಿಂತದಾ ಎಂದು ಕೇಳಿಯೂ ಬಿಟ್ಟೆ, ಎಂತದೂ ಇಲ್ಲ ಬುಡಿ ಎಂದಳು, ಮತ್ತೆ ಯಾಕೆ ಉಣ್ಣುವುದಿಲ್ಲ, ಶಿಂಷೆಯ ಹೊಸ ಕರೆಂಟು ಮನೆ ಕೆಲಸಕ್ಕೆ ಮೆಟ್ಟೂರು ಕಡೆಯ ಆಳುಗಳು ಬಂದಿದ್ದಾರೆ ಎಂದು ಊರೆಲ್ಲ ಆಡಿಕೊಂಡದ್ದೂ ಮೂರು ವಾರದ ಹಿಂದೆಯೇ. ಹೆಣ್ಣು ಮೇಲಿರುತ್ತದೆ, ಗಂಡು ಕೆಳಗೆ ಕಾಯುತ್ತದೆ, ಮಧ್ಯೆ ಬಿಲದ ಬಾಯಲ್ಲಿ ಕಾವಲು ಕೂತವನು ಯಾರು, ಅವನ ಹೆಸರು ಆ ಕಥೆಯಲ್ಲಿ ಎಲ್ಲೂ ಬರಲಿಲ್ಲವಲ್ಲ.

ಹುಣಿಸೆಮರ, ಇಲ್ಲಿ ಹೊಸ ಕೆಲಸದ ಕಡೆಗೆ ದಾರಿ ಒಡೆಯುತ್ತದೆ, ಮರದಡಿ ಪಟ್ಟಲಮ್ಮ ಅಂಬಲಿ ಗಡಿಗೆ ಇಟ್ಟುಕೊಂಡು ಕೂತಿದ್ದಾಳೆ, ಆಳುಗಳಿಗೆ ಅಂಬಲಿ ಮಾರುತ್ತಾಳೆ, ನೆಟ್ಟಗೆ ಹೋಗಿಬಿಡಬೇಕಿತ್ತು, ಇವಳ ಬಾಯಿ ನನಗೆ ಗೊತ್ತಿಲ್ಲವೇ, ಆದರೆ ಕರೆದಳು, ಏನ್ ಚಿಕ್ಕಬೋರಣ್ಣ, ನೀನೂ ಇತ್ತಗೇ ಬಂದ್ಯಾ, ಎಂಡ್ರು ಆಗ್ಲೆ ಅಡ್ಡದಾರೀಲಿ ಬಂದು ಓಗಾಯ್ತು ಎಂದಳು. ಯಾವ ಎಂಡ್ರು ಎಂದೆ, ಎಂಥ ಮಾತು. ನಿಂಗೆಷ್ಟು ಜನ ಇದ್ದಾರಪ್ಪ ಎಂದು ನಕ್ಕಳು, ದಿನಾ ಬತ್ತಾಳಲ್ಲ ನಿಮ್ಮೊಂಬಾಳಿ, ನೀನು ಒಳೆಗೋದ್ ಮೇಲೆ, ಚೊಂಬಲ್ಲಿ ಇಟ್ಟು ಸಾರು ತಕ್ಕಂಡು, ಆ ಜರದೋನಿಗೆ ಉಣ್ಣಿಸಾಕೆ, ಪುಣ್ಯಾತ್ಗಿತ್ತಿ ಕಣಪ್ಪ, ಅವ್ನ್ ಮೊಕ ನೋಡೋರೇ ಇಲ್ಲ, ಮೆಟ್ಟೂರ್ ಕಡೆಯೋನಂತೆ. ಮಂಕರಿ ಜಾರಿತು, ಹಿಡಿದುಕೊಂಡೆ, ಒಳಗೆ ಅದು ಒಂದು ಸುತ್ತು ಹೊರಳಿತು, ಓ ಎಂದೆ, ನಾನೇ ಕಳಿಸಿದ್ದು ಕಣಮ್ಮ ಎಂದೆ, ಈ ಸುಳ್ಳು ಎಲ್ಲಿಂದ ಬಂತು, ಪಟ್ಟಲಮ್ಮನ ಮುಂದೆ ಮರ್ಯಾದೆ ಉಳಿಸಿಕೊಳ್ಳುವುದಕ್ಕೆ ಬಾಯಿ ತಾನೇ ಹೇಳಿತು, ಕಾಲು ಮಾತ್ರ ಮಳವಳ್ಳಿಯ ಕಡೆ ತಿರುಗಲಿಲ್ಲ. ಹಾಗಾದರೆ ಉಣ್ಣದೆ ಉಳಿದ ಹಿಟ್ಟು ಇಲ್ಲಿಗೆ ಬರುತ್ತಿದೆ. ನನ್ನ ಹೊಲದ ರಾಗಿ, ನಾನು ಹಿಡಿದ ಮೀನಿನ ಸಾರು. ಸತ್ತವನಿಗೆ ಹಸಿವು. ಕಲ್ಲು ಸಿಡಿಸುತ್ತಿದ್ದಾರೆ, ಢಂ ಎಂದಿತು, ಕೊಕ್ಕರೆಗಳು ಎದ್ದವು, ಅವನನ್ನು ಎಳೆದು ಹಾಕಿ ಒದೆಯುತ್ತೇನೆ, ಅವಳ ಜುಟ್ಟು ಹಿಡಿದು ದಾರಿಯುದ್ದ ಎಳೆದುಕೊಂಡು ಬರುತ್ತೇನೆ, ಇಲ್ಲ, ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳುತ್ತೇನೆ, ಇಟ್ಕೊ ಇವಳ್ನ ಎಂದು, ಇಟ್ಟುಕೊಂಡುಬಿಟ್ಟರೆ, ಇಲ್ಲ ಆ ಮಾತು ಹೇಳಬಾರದು. ತಗಡಿನ ಮಾಡು, ಬಿದಿರ ತಟ್ಟಿ, ಸಾಲಾಗಿ ಗುಡಿಸಲು, ಆಳುಗಳೆಲ್ಲ ಕೆಲಸಕ್ಕೆ ಹೋಗಿ ಬೀದಿ ಬರಿದಾಗಿದೆ, ಕೊನೆಯ ಗುಡಿಸಲಿನ ಮುಂದೆ ಅವಳ ಚಪ್ಪಲಿಯಿಲ್ಲದ ಕಾಲಿನ ಕೆಸರು ಹೆಜ್ಜೆ, ನನಗೆ ಗೊತ್ತು ಆ ಹೆಜ್ಜೆ, ಕಿರುಬೆರಳು ನೆಲ ಮುಟ್ಟುವುದಿಲ್ಲ.

ತಟ್ಟಿಯ ಸಂದಿಯಿಂದ ನೋಡಿದೆ. ಹೀಗೆ ನೋಡಬಾರದು ಎಂದು ಹಿಂದಕ್ಕೆ ಸರಿದು ಮತ್ತೆ ನೋಡಿದೆ. ಗೋಡೆಗೆ ಒರಗಿ ಒಂದು ಮನುಷ್ಯಾಕೃತಿ, ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಒಂದು ಕಡೆ ಉಬ್ಬಿ, ಹಳದಿ ಮುಖ, ತಲೆಯಲ್ಲಿ ಅಲ್ಲಲ್ಲಿ ಕೂದಲು, ನಾನು ನಾಲ್ಕು ವರ್ಷ ಹೊಡೆದಾಡಿದ ಎದೆಯಗಲದ ಆಳು ಇವನೇ ಏನು, ಸಮುದ್ರ ನೋಡಿದವನು, ಹೊಂಬಾಳೆಗೆ ಹೊನ್ನಯ್ಯ, ಕನಿಕರ ಬರಬೇಕಿತ್ತು, ಬರುತ್ತಿತ್ತು ಕೂಡ, ಆದರೆ ಅವಳು ಹಿಟ್ಟನ್ನು ಸಾರಿನಲ್ಲಿ ಮೆತ್ತಗೆ ಕಿವುಚಿ, ಗೋಲಿಯಷ್ಟು ಮಾಡಿ, ಮೂರು ಬೆರಳಲ್ಲಿ ಎತ್ತಿ ಅವನ ಬಾಯಿಗಿಟ್ಟಳು, ಇಟ್ಟವಳು ಬೆರಳು ತೆಗೆಯಲಿಲ್ಲ. ಅವನ ತುಟಿಯ ಮೇಲೆ ಬೆರಳು ಹಾಗೆಯೇ ಇದೆ, ಅವನ ಗಂಟಲು ನೋಡುತ್ತಿದ್ದಾಳೆ, ಗಂಟಲಿನ ಗಂಟು ಮೇಲೆ ಹೋಗಿ ಕೆಳಗಿಳಿಯುವ ತನಕ ಕಾದಳು, ಇಳಿದ ಮೇಲೆ ಬೆರಳಿನ ಹಿಂಬದಿಯಿಂದ ತುಟಿ ಒರೆಸಿದಳು, ಅಣ್ಣಾ ಎಂದಳು, ಅಣ್ಣಾ ಇನ್ನೊಂದು ತುತ್ತು. ಅಣ್ಣ ಎಂದಳು. ಕಿವಿಯಲ್ಲಿ ಕೇಳಿದೆ. ಗಂಡನನ್ನು ಯಾರಾದರೂ ಅಣ್ಣ ಎನ್ನುತ್ತಾರೆಯೇ, ಅಂದರೆ ಮುಗಿಯಿತು, ಅವಳೇ ಮುಗಿಸಿದ್ದಾಳೆ, ಹಗ್ಗ ಕಡಿದಿದ್ದಾಳೆ, ನನ್ನ ಎದೆಯ ಮೇಲಿನ ಕಲ್ಲು ಈಗ ಉರುಳಬೇಕು, ಉರುಳಲಿಲ್ಲ, ಆ ಅಣ್ಣಾ ಅನ್ನುವುದನ್ನು ಎಷ್ಟು ಮೆತ್ತಗೆ ಅಂದಳು, ನನ್ನನ್ನು ಅವ್ರು ಎನ್ನುವಾಗ ಅದರ ಅರ್ಧ ಮೆದುತನವಿಲ್ಲ.

ಕೆಮ್ಮಿದೆ, ಒಳಗೆ ಕಾಲಿಟ್ಟೆ. ಅವಳು ತಿರುಗಿದಳು, ಬೆಚ್ಚಲಿಲ್ಲ, ಚೊಂಬು ಬಚ್ಚಿಡಲಿಲ್ಲ, ಬಂದ್ರಾ ಎಂದಳು, ನಾನು ಬರುತ್ತೇನೆಂದು ಗೊತ್ತಿದ್ದವಳ ಹಾಗೆ, ಇವ್ರು ಒನ್ನಯ್ಯ ಅಂತ, ಮೆಟ್ಟೂರ್ ಕಡೆಯೋರು, ಚಳಿಜರ ಬಂದು ಬಿದ್ದವ್ರೆ, ನೋಡ್ಕಳೋರಿಲ್ಲ ಎಂದಳು. ಹೆಸರು ಬಂತು. ನಾಲ್ಕು ವರ್ಷ ಆ ಬಾಯಿಂದ ಯಾವ ಹೆಸರು ಬೀಳಲಿ ಎಂದು ಕಾದಿದ್ದೆನೋ ಅದು ಬಿತ್ತು, ಅಪರಿಚಿತನ ಹೆಸರು ಹೇಳಿದ ಹಾಗೆ ಹೇಳಿದಳು, ಆದರೂ ಎಷ್ಟು ಸವೆದ ನಾಣ್ಯದ ಹಾಗಿತ್ತು, ಮೊದಲ ಸಲ ಹೇಳುವವರ ನಾಲಗೆ ಅಷ್ಟು ನುಣ್ಣಗೆ ಹೊರಳುವುದಿಲ್ಲ, ಮನಸ್ಸಿನಲ್ಲಿ ದಿನವೂ ಹೇಳಿಕೊಂಡಿದ್ದಾಳೆ. ಅವನು ತಲೆಯೆತ್ತಿ ನನ್ನ ಕಡೆ ಅಲ್ಲ, ನನ್ನ ಪಕ್ಕದ ಬಯಲ ಕಡೆ ನೋಡಿ ಬಾಣ್ಣ ಕೂತ್ಕೊ ಎಂದ, ಕಣ್ಣು ಮಂಜಾಗವೆ, ಮೊಕ ಕಾಣಕಿಲ್ಲ, ಈ ತಾಯಿ ಯಾರೋ ದೇವ್ರು ಕಳಿಸ್ದಂಗೆ ಬತ್ತಳೆ. ಅವಳು ಚೊಂಬು ತೊಳೆಯಲು ಹೊರಗೆ ಹೋದಳು, ಹೋಗುವಾಗ ನನ್ನನ್ನು ಒಂದು ಸಲ ನೋಡಿದಳು, ಬೇಡ ಎನ್ನುವುದೋ ನಿಮ್ಮಿಷ್ಟ ಎನ್ನುವುದೋ ಗೊತ್ತಾಗಲಿಲ್ಲ. ಊರಲ್ಲಿ ಯಾರವ್ರೆ ನಿಂಗೆ ಎಂದು ಕೇಳಿದೆ, ನಾನೇಕೆ ಕೇಳಬೇಕು. ಊರೇ ಎಲ್ಲದೆ ಕಣಣ್ಣ ಎಂದ, ಕಟ್ಟೆ ನೀರೊಳಗದೆ, ಆ ಕಟ್ಟೇನ ನಾನೇ ಕಟ್ದೆ, ನಮ್ಮೂರ ಮುಳುಗಿಸಾಕೆ ನಾನೇ ಕಲ್ಲು ಒತ್ತೆ, ಅಗ್ಗ ಕಿತ್ತು ಬಿದ್ದಿದ್ದು ನಿಜ, ಯಾರೋ ಕೆಳಗೆ ಎತ್ತಾಕಂಡ್ರು, ಕಾಲು ಮುರಿದು ವರ್ಸಗಟ್ಲೆ ಅಲ್ಲೇ ಬಿದ್ದಿದ್ದೆ, ಕುಂಟ್ಕಂಡು ಮದ್ದೂರ್ಗಂಟ ಬಂದೆ ಎಂಡ್ರು ಉಡುಕ್ಕಂಡು, ಬಾಮೈದ ಬಾಗ್ಲಲ್ಲೇ ಏಳ್ದ, ಮೊನ್ನೆ ತಾನೆ ಸೀರೆ ಉಡ್ಸಿ ಕಳಿಸಿದೀನಿ, ಒಳ್ಳೇ ಮನೆ, ಅಂತ, ಒಂದು ಚೊಂಬು ನೀರು ಕುಡ್ದು ಆ ಬೀದಿಲೇ ತಿರುಗ್ದೆ. ಮರಿಯಯ್ಯ ಈ ಮಾತನ್ನು ನನ್ನ ಹತ್ತಿರ ಉಸಿರೆತ್ತಲಿಲ್ಲ. ಯಾಕೆ ತಿರುಗ್ದೆ, ನಿನ್ ಎಂಡ್ರಲ್ವಾ ಎಂದೆ, ನನ್ನ ದನಿ ನನಗೇ ಒರಟಾಗಿ ಕೇಳಿತು. ಅವ್ಳು ಒಂದು ಕಡೆ ನೆಲೆ ಕಂಡವ್ಳೆ, ಮುರ್ದ ಕಾಲಿಟ್ಕಂಡು ನಾನೋಗಿ ಎಳೀಲಾ, ಆ ಗಂಡ ಒಳ್ಳೇನಂತೆ ಎಂದ. ಬಡಿದಾಡಲು ಬಂದವನು ಎದುರು ನಿಂತರೆ ಹೊಡೆಯಬಹುದು, ಬಿಟ್ಟುಕೊಟ್ಟು ಹೋದವನನ್ನು ಎಲ್ಲಿ ಹೊಡೆಯುವುದು, ನಾಲ್ಕು ವರ್ಷ ನಾನು ಉಂಡದ್ದು ಇವನು ಬಿಟ್ಟ ಎಲೆಯಲ್ಲಿ, ಒಳ್ಳೆಯವನಂತೆ, ಆ ಒಳ್ಳೆಯವನು ಈಗ ತಟ್ಟಿಯ ಸಂದಿಯಿಂದ ನೋಡಿ ಬಂದಿದ್ದಾನೆ. ಇವಳು ಯಾರು ಅಂತ ಗೊತ್ತಾ ನಿಂಗೆ, ದಿನಾ ಉಣ್ಣಿಸೋಳು ಎಂದೆ. ಯಾರೋ ತಾಯಿ ಎಂದ, ತುಸು ತಡೆದು, ಉಪ್ಪು ಮಾತ್ರ ಯಾವಾಗ್ಲೂ ಒಂದರಳು ಕಮ್ಮಿನೇ ಇವ್ಳದು ಎಂದು ನಕ್ಕ. ಯಾವಾಗಲೂ. ನಾನೂ ಅವಳಿಗೆ ಎಷ್ಟು ಸಲ ಹೇಳಿದ್ದೇನೆ, ಉಪ್ಪು ಸಾಲದು ಎಂದು. ಗೊತ್ತು ಅವನಿಗೆ. ಮೊದಲ ದಿನದ ಮೊದಲ ತುತ್ತಿಗೇ ಗೊತ್ತಾಗಿದೆ. ಅವನಿಗೆ ಗೊತ್ತು ಎನ್ನುವುದು ಅವಳಿಗೂ ಗೊತ್ತು. ತಾಯಿ, ಅಣ್ಣ, ಎಂದು ಇಬ್ಬರೂ ಒಂದೊಂದು ಬಟ್ಟೆ ಹೊದ್ದುಕೊಂಡು ಎದುರೆದುರು ಕೂತಿದ್ದಾರೆ, ಹೊರಗೆ ನಿಂತವನು ನಾನೊಬ್ಬನೇ.

ಅದು ಒದೆಯಿತು, ನೆಲದ ಮೇಲಿಟ್ಟ ಮಂಕರಿ ಅಲುಗಿತು. ಏನಣ್ಣ ಅದು ಎಂದ. ಹಾವುಮೀನು ಎಂದೆ. ಅವನ ಮುಖಕ್ಕೆ ಎಲ್ಲಿಂದ ರಕ್ತ ಬಂತೋ, ತತ್ತಾ ಎಂದು ಕೈ ಚಾಚಿದ, ಗೋಣಿ ಸರಿಸಿದೆ, ಅವನ ಬೆರಳು ಅದರ ಬೆನ್ನು ಸವರಿಕೊಂಡು ತಲೆಗೆ ಹೋಗಿ ಹೆಬ್ಬೆರಳಿನಲ್ಲಿ ಕಣ್ಣಿನ ಸುತ್ತು ಅಳೆಯಿತು, ಅದು ಒದೆಯಲಿಲ್ಲ, ನನ್ನ ಕೈಗೆ ಅಷ್ಟು ಒದೆದದ್ದು ಅವನ ಕೈಗೆ ಸುಮ್ಮನೆ ಬಿದ್ದುಕೊಂಡಿತು. ಓಗೋ ಮೀನು ಕಣಣ್ಣ ಇದು ಎಂದ, ಎಣ್ಣು, ಕಟ್ಟೆ ಏಳಕ್ಕೆ ಮುಂಚೆ ಬಂದಿದ್ದು, ನಮ್ಮೂರ ಬಂಡೆ ಅತ್ಕಂಡೇ ಬಂದಿರದು, ಈಗ ಮರಿ ಬರಾಕೆ ಗೋಡೆ ಬುಡಕಿಲ್ಲ, ಇಂಥವು ಉಳ್ಕಂಡಿರೋವಷ್ಟೇ, ಇವು ಓದ್ರೆ ಈ ಒಳೇಲಿ ಮುಗೀತು. ಹೌದು, ಎರಡು ಮೂರು ವರ್ಷದಿಂದ ನನ್ನ ಕೂಳಿಗೆ ಸಣ್ಣವು ಬಿದ್ದೇ ಇಲ್ಲ, ನಾನೂ ನೋಡಿದ್ದೇನೆ, ಆದರೆ ಆಗ ನನ್ನ ತಲೆಗೆ ಹೊಳೆದದ್ದು ಬೇರೆ, ಅವರ ಊರ ಬಂಡೆ ಹತ್ತಿ ಬಂದದ್ದು, ಆ ವರ್ಷಗಳಲ್ಲೇ ಬಂದದ್ದು, ಅವಳ ಅಂಗೈಯಲ್ಲಿ ಬಿಟ್ಟಿದ್ದು ಇದೇ ಇರಬಹುದು, ಮೊಣಕೈಯವರೆಗೆ ಹತ್ತಿದ್ದು ಇದೇ ಇರಬಹುದು, ಇಷ್ಟು ವರ್ಷ ನನ್ನ ಮಡುವಿನಲ್ಲಿ ನನ್ನ ಏಡಿ ತಿಂದು ಬೆಳೆದು ಈಗ ಅವನ ಕಡೆ ಹೊರಟಿದೆ. ಕುಯ್ತೀನಿ ಎಂದೆ. ಅವಳು ಬಾಗಿಲಲ್ಲಿ ನಿಂತಿದ್ದಳು. ಇದ್ರ ಸಾರು ಕುಡುದ್ರೆ ಎದ್ದು ಕೂತ್ಕೋತೀಯ, ನಿಂಗೇ ಕುಯ್ತೀನಿ ಎಂದೆ, ಉಪಕಾರದ ಮಾತು, ಊರವರು ಕೇಳಿದ್ದರೆ ಮೆಚ್ಚುತ್ತಿದ್ದರು, ಉಪಕಾರದೊಳಗೆ ಇಟ್ಟಿದ್ದ ಮಚ್ಚು ಅವರಿಬ್ಬರಿಗೂ ಕಂಡಿತು. ಬ್ಯಾಡ ಕಣಣ್ಣ, ಬುಟ್ಬುಡು ಅದ್ನ ಎಂದ, ಅವಳ ಮಾತು, ಬೆಳಿಗ್ಗೆ ಅವಳು ಅಂದದ್ದೇ, ಅಥವಾ ಅವನ ಮಾತನ್ನೇ ಅವಳು ಅಂದದ್ದು. ಅದಕ್ಕೇ ಬಿಡಲಿಲ್ಲ. ಬೂದಿ ತತ್ತಾ ಎಂದೆ. ಅಳುತ್ತಾಳೆ ಎಂದುಕೊಂಡೆ, ಕೂಗಾಡುತ್ತಾಳೆ, ನನ್ನ ಕೈ ಹಿಡಿಯುತ್ತಾಳೆ, ಆಗ ನಾನು ಬಾಯಿಬಿಟ್ಟು ಎಲ್ಲ ಹೇಳಿಬಿಡಬಹುದು. ಅವಳು ಒಲೆಯಿಂದ ಬೂದಿ ಬಾಚಿ ತಂದು ನನ್ನ ಅಂಗೈಗೆ ಹಾಕಿದಳು, ಲೋಳೆ ಜಾರದ ಹಾಗೆ ತನ್ನ ಅಂಗೈಗೂ ಬಳಿದುಕೊಂಡಳು, ಅಂಗಳದ ಕಲ್ಲಿನ ಮೇಲೆ ಬಾಲದ ಕಡೆ ಅವಳೇ ಹಿಡಿದಳು, ಉಂ ಎಂದಳು. ಸೊಂಟದ ಮಚ್ಚು ತೆಗೆದು ಎತ್ತಿದೆ, ಮೀನಿನ ಕಣ್ಣು ನೋಡಬಾರದಿತ್ತು, ಕಪ್ಪು, ದುಂಡಗೆ, ಸುತ್ತ ಹಳದಿ ಉಂಗುರ, ನನ್ನನ್ನು ನೋಡುತ್ತಿರಲಿಲ್ಲ, ನಾನು ಅದರ ದಾರಿಯಲ್ಲಿ ಸಿಕ್ಕ ಒಂದು ಕೊರಡು ಅಷ್ಟೆ. ಹೊಡೆದೆ. ಒಂದು ಸಲಕ್ಕೆ ಆಗಲಿಲ್ಲ. ಹೊಟ್ಟೆ ಸೀಳಿದರೆ ಒಳಗೆ ಕರುಳು ಒಣಗಿದ ದಾರದಷ್ಟು, ಅವಳು ಹೇಳಿದ್ದು ನಿಜ, ಎಷ್ಟೋ ದಿನದಿಂದ ಏನೂ ತಿಂದಿರಲಿಲ್ಲ, ಎರಡೂ ಪಕ್ಕೆಗೆ ಮೊಟ್ಟೆಯ ಪಟ್ಟಿ, ಬಿಳಿ, ಮಡಿಕೆ ಮಡಿಕೆ, ನವಿರು ನೂಲಿನ ಸೀರೆಯ ಅಂಚಿನ ಹಾಗೆ. ಅವಳು ಅದನ್ನು ಬೇರೆ ತೆಗೆದು ಎಕ್ಕದ ಎಲೆಯ ಮೇಲಿಟ್ಟಳು, ಪಟ್ಟಲಮ್ಮನ ನಾಯಿ ಬಂದು ಎಳೆದುಕೊಂಡು ಹೋಯಿತು, ಯಾರೂ ಓಡಿಸಲಿಲ್ಲ.

ಸಾರು ಕುದಿಯಿತು, ಮೆಣಸು ಬೆಳ್ಳುಳ್ಳಿ ಜಜ್ಜಿ ಹಾಕಿದಳು, ಅಲ್ಲಿ ನಾನು ಯಾಕೆ ಕೂತಿದ್ದೆ, ಎದ್ದು ಹೋಗಬಹುದಿತ್ತು, ಮಂಕರಿ ಖಾಲಿ, ಸಂತೆಗೆ ಕೆಲಸವಿಲ್ಲ, ಆದರೂ ಕೂತೆ, ಅವನು ಕುಡಿಯುವುದನ್ನು ನೋಡಬೇಕಿತ್ತು, ಓಗೋ ಮೀನು ಎಂದು ಕಣ್ಣು ಸವರಿದವನು ಅದನ್ನೇ ತಿನ್ನುವುದನ್ನು. ಮೊದಲು ಮುಖ ತಿರುಗಿಸಿದ, ನನಗೆ ಖುಷಿಯಾಯಿತು. ಅವಳು ಎಲುಬು ಬಿಡಿಸಿದ ತುಂಡನ್ನು ಬೆರಳಲ್ಲಿ ಹಿಡಿದು ಅಣ್ಣಾ ಎಂದಳು, ತಿನ್ನು, ಅದು ಓಗೋ ತಾವ್ಗೆ ಓದಂಗೇ ಆಯ್ತು ಎಂದಳು. ಅವನು ಬಾಯಿ ತೆರೆದ. ಮತ್ತೆ ಆ ಮೂರು ಬೆರಳು, ಮತ್ತೆ ತುಟಿ, ಮತ್ತೆ ಗಂಟಲು ಇಳಿಯುವ ತನಕ ತೆಗೆಯದೆ ಕಾಯುವುದು, ಅವನ ಮಂಜುಗಣ್ಣಿನಿಂದ ಒಂದೊಂದೇ ಹನಿ ಇಳಿದು ಅವಳ ಬೆರಳ ಗೆಣ್ಣಿನ ಮೇಲೆ ನಿಂತಿತು, ಅವಳು ಒರೆಸಿಕೊಳ್ಳಲಿಲ್ಲ, ಆಗ ಅರ್ಥವಾಯಿತು ನನಗೆ, ಹೆಣ್ಣುಮೀನು ಕೆಳಗಿನ ಗಂಡನ್ನು ಸೇರಬಾರದು ಎಂದು ನೆತ್ತಿಯ ಮೇಲೆ ಹೊತ್ತುಕೊಂಡು ಅಷ್ಟು ದೂರ ನಡೆದೆನಲ್ಲ, ನಾನೇ ತಂದು ಅವನ ಬಾಯಿಗೆ ಮುಟ್ಟಿಸಿದೆ, ಹೊಳೆ ಕೂಡ ಇಷ್ಟು ನೇರವಾಗಿ ಮುಟ್ಟಿಸುತ್ತಿರಲಿಲ್ಲ. ಬೆವರು ಬಂತು ಅವನಿಗೆ, ಜ್ವರ ಬಿಡುವ ಬೆವರು, ಮಲಗಿದ, ಮೇಸ್ತ್ರಿಯ ಲಾರಿ ಮಂಡ್ಯಕ್ಕೆ ಹೋಗುವಾಗ ಆಸ್ಪತ್ರೆಗೆ ಹಾಕಿಸುತ್ತೇನೆ ಎಂದು ಪಟ್ಟಲಮ್ಮ ಬಂದು ಹೇಳಿದಳು, ಅವನು ಕಣ್ಣು ಮುಚ್ಚಿಕೊಂಡೇ ಓಯ್ತೀನಿ ಕಣಣ್ಣ, ಇನ್ನು ಇತ್ತಗೆ ಬರಕಿಲ್ಲ ಎಂದ, ನನಗೆ ಅಂದದ್ದು, ಅವಳು ಚೊಂಬು ಮಂಕರಿಯೊಳಗೆ ಹಾಕಿ ಮಂಕರಿಯನ್ನು ತನ್ನ ತಲೆಗೆ ಇಟ್ಟುಕೊಂಡು ನಡೀರಿ ಎಂದಳು.

ದಾರಿಯುದ್ದ ಅವಳ ಹಿಂದೆ ನಡೆದೆ. ನಾಳಿಂದ ನಾನು ಓಗಕಿಲ್ಲ ಎಂದಳು ತಿರುಗದೆ, ನಿಮ್ಗೆ ಏಳದೆ ಓಗಿದ್ದು ತಪ್ಪು, ಏಳಿದ್ರೆ ಬ್ಯಾಡ ಅನ್ತಿದ್ರಿ, ಬ್ಯಾಡ ಅಂದ್ಮೇಲೆ ಓಗಿದ್ರೆ ಅದು ಇನ್ನೂ ದೊಡ್ಡ ತಪ್ಪು. ಬೇಡ ಅನ್ನುತ್ತಿದ್ದೆ, ಹೌದು. ಇಷ್ಟೇ. ಮನೆ ಬಂತು, ದೀಪ ಹಚ್ಚಿದಳು, ಹಿಟ್ಟು ತೊಳಸಿದಳು, ಹೊರಗೆ ಹೊಳೆ ಇನ್ನೂ ಏರುತ್ತಿರುವ ಸದ್ದು, ತಟ್ಟೆ ಹಾಕಿದಳು, ತನಗೂ ಹಾಕಿಕೊಂಡು ಕೂತಳು, ಉಂಡಳು, ಮೂರು ವಾರದ ಹಸಿವೆಲ್ಲ ಒಟ್ಟಿಗೆ ಬಂದವಳ ಹಾಗೆ ಉಂಡಳು, ಮುದ್ದೆ ಮುರಿದು ಅದ್ದಿ ನುಂಗಿ, ಇನ್ನರ್ಧ ಮುದ್ದೆ ಹಾಕಿಕೊಂಡಳು, ನೋಡು ಚಿಕ್ಕಬೋರಯ್ಯ, ನಿನ್ನ ಮನೆಯಲ್ಲಿದ್ದಾಳೆ, ನಿನ್ನ ರಾಗಿ ಉಣ್ಣುತ್ತಿದ್ದಾಳೆ, ಅವನು ಹೋಗುತ್ತಾನೆ, ಬರುವುದಿಲ್ಲ, ಇನ್ನೇನು ಬೇಕು ನಿನಗೆ, ಏನೂ ಬೇಡ, ಲೇ ಹೊಂಬಾಳಿ ಎಂದೆ, ನಂಗೂ ಒಂದು ತುತ್ತು ಇಕ್ಕು, ನಿನ್ ಕೈಲಿ. ತಲೆಯೆತ್ತಿ ನೋಡಿದಳು, ನಕ್ಕಳು, ಕೆಟ್ಟ ನಗೆಯಲ್ಲ, ನಿಜವಾದ ನಗೆ, ನಿಮ್ಗೇನ್ ಜರ ಬಂದದಾ, ಕೈಯಿಲ್ವಾ, ಉಣ್ಣಿ ಸುಮ್ಕೆ ಎಂದಳು, ಸಾರು ಬಡಿಸಿದಳು, ಉಪ್ಪು ಕಡಿಮೆ, ಹಣೆಗೆ ನಾನೇ ಕೈ ಇಟ್ಟು ನೋಡಿಕೊಂಡೆ, ತಣ್ಣಗಿದೆ, ಇಷ್ಟು ಮಳೆಯಲ್ಲಿ ನೆನೆದಿದ್ದೇನೆ, ಹೊಳೆಯಲ್ಲೇ ನಿಲ್ಲುವವನು, ಆಳುಗಳಿಗೆಲ್ಲ ಬರುವ ಚಳಿಜ್ವರ ನನಗೆ ಯಾಕೆ ಬರುವುದಿಲ್ಲ, ಒಂದು ಸಲ ಬಂದರೆ, ಎದ್ದು ಕೂರಲಾಗದ ಹಾಗೆ ಬಂದರೆ, ಗೋಡೆಗೆ ಒರಗಿಸಿ, ಮೆತ್ತಗೆ ಕಿವುಚಿ, ಅಷ್ಟಾದರೂ ಆ ಬೆರಳು ಕಾಯುತ್ತದೋ, ಇಟ್ಟ ಕೂಡಲೆ ತೆಗೆದುಬಿಡುತ್ತದೋ, ಮೂರು ಬೆರಳು, ಅವನ ತುಟಿ, ಗಂಟಲು ಇಳಿಯುವ ತನಕ — ತೆಗೆಯಲಿಲ್ಲ, ತುಟಿಯ ಮೇಲೆ ಬೆರಳು — ತೆಗೆಯಲಿಲ್ಲ —